ಜಯನಗರದ ಐದು ವರ್ಷ

ನಮ್ಮತ್ತೆಗೆ ನನ್ನ ಬ್ಯೂಟಿ ಪಾರ್ಲರ್ ಮೇಲೆ ಸಿಟ್ಟೇನೂ ಇರಲಿಲ್ಲ. ಅನುಮಾನ ಇತ್ತು, ಅಷ್ಟೆ. ನಾವಿರುವುದು ತಿಪಟೂರಲ್ಲಿ. ಇಲ್ಲಿ ಯಾವ ಮಾತು ಎಲ್ಲಿ ಶುರುವಾದರೂ ಕೊನೆಗೆ ಕೊಬ್ಬರಿಗೇ ಬಂದು ನಿಲ್ಲುತ್ತೆ. ನಾನು ಮೂರು ತಿಂಗಳ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು ಬಂದ ದಿನ ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಕಾಯಿ ಅಟ್ಟದ ಮೇಲೆ ವರ್ಷ ಕೂತರೆ ಕೊಬ್ಬರಿ. ನೀನು ಮೂರೇ ತಿಂಗಳಿಗೆ ಇಳಿದುಬಿಟ್ಟಿದ್ದೀಯ. ಅಲ್ಲಾಡಿಸಿದರೆ ಇನ್ನೂ ನೀರಿನ ಸದ್ದು ಬರುತ್ತೆ ಕಣಮ್ಮ" ಅಂದರು.

ಕೋರ್ಸಿನಲ್ಲಿ ಥ್ರೆಡಿಂಗ್ ಕಲಿಯುವುದು ಹುಬ್ಬಿನ ಮೇಲಲ್ಲ, ಕಾಲಿನ ಮೇಲೆ. ದಾರದ ಒಂದು ತುದಿ ಹಲ್ಲಲ್ಲಿ, ಇನ್ನೊಂದು ತುದಿ ಎಡಗೈಯಲ್ಲಿ, ನಡುವಿನ ತಿರುಚು ಬಲಗೈ ಬೆರಳಲ್ಲಿ. ತಲೆ ಹಿಂದೆ ಮುಂದೆ ಆಡಿಸುತ್ತಾ ಹೋಗಬೇಕು. ನೋಡುವವರಿಗೆ ಪಾರಿವಾಳ ಕಾಳು ಹೆಕ್ಕಿದ ಹಾಗೆ ಕಾಣುತ್ತೆ. ನನ್ನ ಕಾಲಿನ ಕೂದಲು ಎರಡೇ ದಿನಕ್ಕೆ ಖಾಲಿಯಾಯಿತು. ಆಮೇಲೆ ನಮ್ಮನೆಯವರ ಕಾಲು. ವ್ಯಾಕ್ಸಿಂಗಿಗೆ ಅವರ ಎಡಗೈ. ವ್ಯಾಕ್ಸನ್ನು ಕೂದಲು ಬೆಳೆದ ದಿಕ್ಕಿಗೆ ಹಚ್ಚಿ, ಪಟ್ಟಿಯನ್ನು ಎದುರು ದಿಕ್ಕಿಗೆ ಒಂದೇ ಏಟಿಗೆ ಎಳೆಯಬೇಕು. ನಾನು ಕನಿಕರಪಟ್ಟು ನಿಧಾನಕ್ಕೆ ಎಳೆದೆ. ಬಲಗೈ ಕೊಡೋಕೆ ಅವರು ಒಪ್ಪಲೇ ಇಲ್ಲ. ಅವರು ಕೂರುವುದು ಕ್ಯಾಶ್ ಕೌಂಟರಿನಲ್ಲಿ. ಒಂದು ಕೈ ಕರಡಿ, ಒಂದು ಕೈ ಬೆಣ್ಣೆ. ನೋಟು ಎಣಿಸುವಾಗ ಯಾರೋ ಹಿರಿಯರು "ಡ್ರಿಪ್ ಹಾಕಿದ್ರಾ ಸ್ವಾಮಿ? ಯಾವ ಆಸ್ಪತ್ರೆ?" ಅಂತ ವಿಚಾರಿಸಿದರಂತೆ. ಇವರು ನೆಗಡಿ ಅಂದರಂತೆ.

ನನಗೆ ಕಲಿಸಿದ ಮೇಡಂ ಕೊನೇ ದಿನ ಒಂದು ಕಿವಿಮಾತು ಹೇಳಿದ್ದರು. "ಹೊಸಬಳು ಅಂತ ಬಾಯಿ ಬಿಡಬೇಡ. ಗಿರಾಕಿಗೆ ಹೆದರಿಕೆ ಆದ್ರೆ ಹುಬ್ಬು ಅಲ್ಲಾಡುತ್ತೆ." ಮೂರು ತಿಂಗಳಲ್ಲಿ ನಾನು ಸರಿಯಾಗಿ ಕಲಿತಿದ್ದು ಅದೊಂದೇ ಪಾಠ.

ಮೊದಲ ಗಿರಾಕಿ ಎದುರು ರಸ್ತೆಯ ಟೀಚರ್. ಭಾನುವಾರ ಸಂಜೆ ಬಂದರು. ಕುರ್ಚಿಗೆ ಒರಗುತ್ತಾ ಸುಮ್ನೆ ಮಾತಿಗೆ ಅಂತ "ಎಷ್ಟು ವರ್ಷದ ಎಕ್ಸ್‌ಪೀರಿಯನ್ಸಮ್ಮಾ?" ಅಂದರು.

"ಐದು ವರ್ಷ ಟೀಚರ್."

"ಎಲ್ಲಿದ್ದೆ?"

"ಬೆಂಗಳೂರಲ್ಲಿ."

"ಬೆಂಗಳೂರಲ್ಲಿ ಎಲ್ಲಿ?"

ಸುಳ್ಳಿಗೆ ಅಡ್ರೆಸ್ ಬೇಕಾಗುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಬಾಯಿಗೆ ಬಂದಿದ್ದು "ಜಯನಗರ ಫೋರ್ತ್ ಬ್ಲಾಕ್."

"ಅಯ್ಯೋ, ನನ್ನ ತಂಗಿ ಮನೆ ಅಲ್ಲೇ ಕಣೇ! ಯಾವ ಪಾರ್ಲರು?"

ತಕ್ಷಣ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಥ್ರೆಡಿಂಗಿನಲ್ಲಿ ಅದೊಂದು ಅನುಕೂಲ. ಯಾವ ಪ್ರಶ್ನೆಗೂ "ಹೂಂ ಹೂಂ" ಅಂದರೆ ಸಾಕು.

ಟೀಚರ್ ಒಂದು ಕೈಯಲ್ಲಿ ಹಣೆ ಮೇಲೆತ್ತಿ, ಇನ್ನೊಂದು ಕೈಯಲ್ಲಿ ರೆಪ್ಪೆ ಕೆಳಗೆಳೆದು ಹಿಡಿದುಕೊಂಡರು. ಎಡಹುಬ್ಬು ಚೆನ್ನಾಗೇ ಬಂತು. ಬಲಹುಬ್ಬಿನ ಹತ್ತಿರ ಅವರಿಗೊಂದು ಸೀನು ಬಂತು, ಕೈ ಸಡಿಲಾಯಿತು, ದಾರ ಒಂದು ಕೂದಲು ಜಾಸ್ತಿ ಕಿತ್ತಿತು. ಒಂದು ಅಂದರೆ ಐದಾರು. ಆಮೇಲೆ ನಡೆದಿದ್ದು ಬೆಕ್ಕುಗಳಿಗೆ ಕೋತಿ ರೊಟ್ಟಿ ಹಂಚಿದ ಕಥೆ. ಬಲಕ್ಕೆ ಸರಿಯಾಗಲಿ ಅಂತ ಎಡದಲ್ಲಿ ಸ್ವಲ್ಪ. ಎಡ ಸಣ್ಣದಾಯಿತು ಅಂತ ಬಲದಲ್ಲಿ ಸ್ವಲ್ಪ. ಕೊನೆಗೆ ಎರಡೂ ಸಮ ಆದವು, ಆದರೆ ಅವು ಇದ್ದಿದ್ದು ಹುಬ್ಬಿನ ಜಾಗದಲ್ಲಲ್ಲ. ಹಣೆಗೆ ಬಾಡಿಗೆಗೆ ಹೋಗಿದ್ದವು.

ಟೀಚರ್ ಕನ್ನಡಿ ನೋಡಿಕೊಂಡರು. ಏನೂ ಹೇಳಲಿಲ್ಲ. ಆ ಮುಖಕ್ಕೆ ಸಿಟ್ಟು ಬಂದರೂ ಆಶ್ಚರ್ಯ ಅಂತಲೇ ಕಾಣುತ್ತಿತ್ತು. ನಲವತ್ತು ರೂಪಾಯಿ ಮೇಜಿನ ಮೇಲಿಟ್ಟು ಹೋದರು.

ಒಂದು ತಿಂಗಳು ಅವರು ಓಡಾಡಿದ ಕಡೆ ನಾನು ಓಡಾಡಲಿಲ್ಲ. ಸಂತೆಗೂ ಬೇರೆ ದಾರಿ. ಆದರೆ ಒಂದು ದಿನ ಅವರೇ ಬಾಗಿಲಲ್ಲಿ ನಿಂತಿದ್ದರು. ಕೂತರು, ನೀರು ಕೇಳಿ ಕುಡಿದರು.

"ತಂಗಿಗೆ ಫೋನ್ ಮಾಡಿದ್ದೆ" ಅಂದರು. "ಫೋರ್ತ್ ಬ್ಲಾಕಿನಲ್ಲಿ ನಿನ್ನನ್ನು ಕಂಡವರೇ ಇಲ್ಲ."

ನಾನು ಎಲ್ಲಾ ಒಪ್ಪಿಕೊಂಡೆ. ಕಾಲು, ಕೈ, ಮೂರು ತಿಂಗಳು, ಎಲ್ಲಾ.

"ಹೊಸಬಳು ಅನ್ನೋದು ತಪ್ಪಲ್ಲ ಕಣೇ. ಮೊದಲೇ ಹೇಳಿದ್ದರೆ ನಾನು ಬೇಸಿಗೆ ರಜದಲ್ಲಿ ಬಂದಿರ್ತಿದ್ದೆ. ನೀನು ಭಾನುವಾರ ಸಂಜೆ ಕಿತ್ತು ಕಳಿಸಿದೆ, ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ನಿಂತಿದ್ದೀನಿ. ತಿಂಗಳಿಡೀ ಮಕ್ಕಳು ಏಳೇಳಲ ನಲವತ್ತೊಂಬತ್ತು ಅಂದರೂ ಮಿಸ್ಸಿಗೆ ಆಶ್ಚರ್ಯ. ಸರಿ ಉತ್ತರ ಹೇಳಿದವನೂ ಹೆದರಿ ಬದಲಾಯಿಸಿಬಿಡ್ತಿದ್ದ."

ಅವತ್ತಿಂದ ನಿಜ ಹೇಳೋಕೆ ಶುರು ಮಾಡಿದೆ. ಅದಕ್ಕೂ ಅನುಭವ ಬೇಕು ನೋಡಿ. ಒಬ್ಬರಿಗೆ ದಾರ ಹುಬ್ಬಿಗೆ ತಾಗಿಸಿದ ಮೇಲೆ ನೆನಪಾಗಿ, "ಅಕ್ಕಾ, ಒಂದು ಮಾತು, ನಾನಿನ್ನೂ ಕಲೀತಾ ಇದ್ದೀನಿ" ಅಂದೆ. ಅವರು ಎದ್ದ ರಭಸಕ್ಕೆ ದಾರ ತುಂಡಾಯಿತು. ಇನ್ನೊಬ್ಬರು ಬ್ಲೀಚ್ ಮಾಡಿಸೋಕೆ ಬಂದರು. ಮೊದಲು ಮೊಣಕೈ ಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ ನೋಡ್ತೀನಿ, ಉರಿ ಕೆಂಪು ಏನೂ ಬರದಿದ್ದರೆ ನಾಳೆ ಮುಖಕ್ಕೆ ಹಾಕ್ತೀನಿ ಅಂದೆ. ಪಾಠದಲ್ಲಿ ಹಾಗೇ ಇತ್ತು. ಅವರು ಪಕ್ಕದವರ ಕಿವಿಯಲ್ಲಿ, "ಪಾಪ, ಹೊಸಬಳು. ಗೊತ್ತಿರೋರು ಆಗಿದ್ರೆ ನೇರ ಮುಖಕ್ಕೇ ಹಾಕ್ತಾರೆ" ಅಂದರು. ಇದಕ್ಕೆ ಮಾತ್ರ ನಾನು ಇವತ್ತಿಗೂ ಬಗ್ಗಿಲ್ಲ. ಬೇಜಾರಾದರೆ ಆಗಲಿ, ಚುಕ್ಕೆ ಚುಕ್ಕೆಯೇ.

ಕೊನೆಗೆ ಬಾಗಿಲಿಗೇ ಒಂದು ಚೀಟಿ ಅಂಟಿಸಿದೆ: 'ನಾನಿನ್ನೂ ಹೊಸಬಳು. ಅರ್ಧ ದುಡ್ಡು.' ಅತ್ತೆ ಅದನ್ನು ಓದಿ, "ಕೊಬ್ಬರಿ ಅಂಗಡಿಯವನು ಕಾಯಿ ಕೊಳೆತಿದೆ ಅಂತ ಬೋರ್ಡ್ ಹಾಕ್ತಾನೇನೆ?" ಅಂದರು. ಆದರೆ ಕಾಲೇಜು ಹುಡುಗಿಯರು ಸಾಲಾಗಿ ಬಂದರು. ಇಪ್ಪತ್ತು ರೂಪಾಯಿಗೆ ಎರಡು ಹುಬ್ಬು! ಹತ್ತಾರು ಹುಬ್ಬು ಆದ ಮೇಲೆ ಕೈಯೂ ಕೂತಿತು. ಚೀಟಿ ಕಿತ್ತ ದಿನ ದೊಡ್ಡ ಗಲಾಟೆ. "ಅಕ್ಕಾ, ಮೊನ್ನೆ ಹೊಸಬಳು ಅಂದ್ರಿ, ಇಷ್ಟು ಬೇಗ ಹೆಂಗೆ ಕಲಿತುಬಿಟ್ರಿ? ನನ್ನ ಬಲಹುಬ್ಬು ನೋಡಿ, ನೀವಿನ್ನೂ ಕಲಿತೇ ಇಲ್ಲ" ಅಂತ ವಾದ. ಆರು ತಿಂಗಳು ಅವರಿಗಾಗಿ ಹೊಸಬಳಾಗಿಯೇ ಉಳಿದೆ.

ಮದುಮಗಳ ಮೇಕಪ್ ಕೇಳಿಕೊಂಡು ಬಂದಾಗಲೂ ಮುಚ್ಚಿಡಲಿಲ್ಲ. "ಇದುವರೆಗೂ ಒಂದು ಮದುಮಗಳಿಗೂ ಮಾಡಿಲ್ಲಮ್ಮ" ಅಂದೆ. ಹುಡುಗಿಯ ತಾಯಿ ತಣ್ಣಗೆ, "ನಮ್ಮ ಹುಡುಗೀನೂ ಮೊದಲನೇ ಸಲವೇ ಮದುವೆ ಆಗ್ತಿರೋದು. ಟ್ರಯಲ್ ಯಾವತ್ತು ಮಾಡ್ತೀರಾ ಹೇಳಿ" ಅಂದರು. ಟ್ರಯಲ್ ನೋಡಿದ್ದು ಒಳ್ಳೆಯದಾಯಿತು. ನಾನು ಬೆಳ್ಳಗೆ ಕಾಣಲಿ ಅಂತ ಒಂದು ಶೇಡ್ ತಿಳಿಯ ಫೌಂಡೇಶನ್ ಹಚ್ಚಿದ್ದೆ. ಕತ್ತು ಗೋಧಿ ಬಣ್ಣ, ಮುಖ ವಿಭೂತಿ ಬಣ್ಣ. ಅವಳ ತಮ್ಮ ಕೈಮುಗಿದ. ಮದುವೆಗೆ ಅವಳ ಬಣ್ಣದ್ದೇ ಡಬ್ಬಿ ತಂದೆ. ಮುಹೂರ್ತದ ದಿನ ಬೆಳಗಿನ ಜಾವ ನಾಲ್ಕಕ್ಕೆ ಛತ್ರದಲ್ಲಿ ಕರೆಂಟ್ ಹೋಯಿತು. ಐದು ಮೊಬೈಲ್ ಟಾರ್ಚ್ ಬೆಳಕಲ್ಲಿ ಕೆನ್ನೆಗೆ ರೂಜ್ ಹಚ್ಚಿದೆ. ಕರೆಂಟ್ ಬಂದಾಗ ನೋಡಿದರೆ ಎಡಗೆನ್ನೆ ನಾಚಿಕೊಂಡಿದೆ, ಬಲಗೆನ್ನೆ ಜಗಳಕ್ಕೆ ನಿಂತಿದೆ. ಒರೆಸಿ ಸರಿ ಮಾಡಿದೆ ಅನ್ನಿ. ಎಲ್ಲರೂ ಮೊಗ್ಗಿನ ಜಡೆ ಹೊಗಳಿದರು. ಅದು ಹೂವಾಡಗಿತ್ತಿ ಕಟ್ಟಿಕೊಟ್ಟಿದ್ದು. ಅದನ್ನೂ ಹೇಳಿದೆ.

ಹೋದ ವಾರ ಟೀಚರ್ ಬಂದರು. ಜೊತೆಗೆ ಜಯನಗರದ ತಂಗಿ. ಹಬ್ಬಕ್ಕೆ ಬಂದಿದ್ದರಂತೆ. ತಂಗಿ ಕುರ್ಚಿಗೆ ಒರಗಿ, ಅದೇ ಅಕ್ಕನ ಧಾಟಿಯಲ್ಲಿ ಕೇಳಿದರು, "ಎಷ್ಟು ವರ್ಷ ಆಯ್ತಮ್ಮಾ ಈ ಕೆಲಸಕ್ಕೆ?"

"ಹನ್ನೊಂದು ತಿಂಗಳು" ಅಂದೆ.

ಒಳಗಿನಿಂದ ಅತ್ತೆಯ ದನಿ ಬಂತು. "ಇನ್ನೊಂದು ತಿಂಗಳಿದೆ."

"ಅಲ್ಲಾ, ನಮ್ಮ ಜಯನಗರದಲ್ಲಿ ಐದು ವರ್ಷ ಇದ್ರಂತೆ?"

ನಾನು ದಾರ ಹಲ್ಲಿಗೆ ಕಚ್ಚಿಕೊಂಡು "ಹೂಂ ಹೂಂ" ಅಂದೆ. ಟೀಚರ್ ಹುಬ್ಬೇರಿಸಿ ನನ್ನನ್ನೇ ನೋಡಿದರು. ಈ ಸಲ ಎರಡೂ ಒಂದೇ ಎತ್ತರಕ್ಕೆ ಹೋದವು.