ಬೀಗದ ಕೈ ಗೊಂಚಲು

ನಮ್ಮ ಅಡುಗೆಮನೆ ಬಾಗಿಲ ಹಿಂದೆ, ಮೊಳೆಗೆ ಒಂದು ಬೀಗದ ಕೈ ಗೊಂಚಲು ನೇತಾಡುತ್ತಿದೆ. ಅದರಲ್ಲಿ ಒಟ್ಟು 14 ಇವೆ. ಕೆಲಸಕ್ಕೆ ಬರುವುದು ಮೂರು. ಮಿಕ್ಕವು ಯಾವ ಬೀಗದವು ಅಂತ ಯಾರಿಗೂ ಗೊತ್ತಿಲ್ಲ. ಒಂದು ನಾವು ಮಾರಿಬಿಟ್ಟ ಲೂನಾದ್ದಿರಬೇಕು. ಇನ್ನೊಂದು ಅಜ್ಜಿಯ ಟ್ರಂಕಿನದು. ಈಗ ಟ್ರಂಕೂ ಇಲ್ಲ, ಅಜ್ಜಿಯೂ ಇಲ್ಲ. "ಗುಜರಿಗಾದ್ರೂ ಹಾಕಿ" ಅಂತ ನನ್ನ ಹೆಂಡತಿ ವರ್ಷಕ್ಕೆರಡು ಸಲ ಹೇಳುತ್ತಾಳೆ. ಹಾಕಿದ ಮಾರನೇ ದಿನವೇ ಬೀಗ ಸಿಕ್ಕಿಬಿಟ್ಟರೆ?

ಈ ಗೊಂಚಲು ಕಂಡಾಗಲೆಲ್ಲ ನನಗೆ ಪ್ರಾಗ್ ನೆನಪಾಗುತ್ತದೆ. ನಾನೇನು ಅಲ್ಲಿಗೆ ಹೋದವನಲ್ಲ. ಆಗ ಅದು ಚೆಕೊಸ್ಲೊವಾಕಿಯಾದ ರಾಜಧಾನಿ. 1989ರ ನವೆಂಬರ್‌ನಲ್ಲಿ ಅಲ್ಲಿನ ವೆನ್ಸೆಸ್ಲಾಸ್ ಚೌಕದಲ್ಲಿ ಲಕ್ಷಾಂತರ ಜನ ಸೇರಿದ್ದರು. ಜೇಬಿನಿಂದ ಮನೆ ಬೀಗದ ಕೈ ತೆಗೆದು, ಎತ್ತಿ ಹಿಡಿದು, ಎಲ್ಲರೂ ಒಟ್ಟಿಗೆ ಝಣಝಣ ಅಲ್ಲಾಡಿಸಿದರು. 40 ವರ್ಷ ದಾಟಿದರೂ ಏಳದೆ ಕೂತಿದ್ದ ಕಮ್ಯುನಿಸ್ಟ್ ಸರ್ಕಾರಕ್ಕೆ ಅದು ಕೊಟ್ಟ ಸೂಚನೆ: ಹೊತ್ತಾಯ್ತು, ಇನ್ನು ಹೊರಡಿ. ನಮ್ಮಲ್ಲಿ ನೆಂಟರು ಏಳುವ ಲಕ್ಷಣವೇ ಕಾಣದಿದ್ದಾಗ ಸುಮ್ನೆ ಅರಿಶಿನ ಕುಂಕುಮದ ತಟ್ಟೆ ತಂದು ಮುಂದಿಡುತ್ತಾರಲ್ಲ, ಹಾಗೆ. ಅವರು ಹೊರಟೂಬಿಟ್ಟರು! ಆ ವರ್ಷದ ಮೇ ತಿಂಗಳವರೆಗೆ ಜೈಲಿನಲ್ಲಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ ಡಿಸೆಂಬರ್ 29ಕ್ಕೆ ರಾಷ್ಟ್ರಾಧ್ಯಕ್ಷರಾದರು.

ಆಗ ನಾನು ಒಂಬತ್ತನೇ ಕ್ಲಾಸು. ನಮ್ಮೂರಿನಲ್ಲಿ ಆ ನವೆಂಬರ್ ಪೂರ್ತಿ ಎರಡೇ ಮಾತು. ಒಂದು, ಲೋಕಸಭೆಗೂ ವಿಧಾನಸಭೆಗೂ ಜೊತೆಯಲ್ಲೇ ಬಂದಿದ್ದ ಎಲೆಕ್ಷನ್. ಇನ್ನೊಂದು, ಕರಾಚಿಯಲ್ಲಿ ಮೊದಲ ಟೆಸ್ಟ್ ಆಡಿದ 16 ವರ್ಷದ ಹುಡುಗ. ನನಗಿಂತ ಎರಡೇ ವರ್ಷ ದೊಡ್ಡವನು! ಅವನು 15 ರನ್ನಿಗೆ ಬೌಲ್ಡ್ ಆದಾಗ ನನಗೆ ಒಳಗೊಳಗೇ ಸಮಾಧಾನವಾಯಿತು ಅಂತ ಇಷ್ಟು ವರ್ಷದ ಮೇಲೆ ಒಪ್ಪಿಕೊಳ್ಳುತ್ತೇನೆ.

ಇವೆರಡರ ಮಧ್ಯೆ ಬರ್ಲಿನ್‌ಗೆ ಎಲ್ಲಿ ಜಾಗ? ಅಪ್ಪ ಪೇಪರ್ ಓದುತ್ತಾ, "ಗೋಡೆ ಬಿತ್ತಂತೆ" ಅಂದರು.

ಅಜ್ಜಿ ಕಾಳು ಆರಿಸುವುದನ್ನು ನಿಲ್ಲಿಸಿದಳು. "ಅಯ್ಯೋ, ಯಾರ ಮನೇದೋ? ದನ ಗಿನ ಸಿಕ್ಕಿಹಾಕ್ಕೊಂಡ್ವಾ?"

"ಮನೇದಲ್ಲಮ್ಮ. ಊರಿನದು. ಊರ ಮಧ್ಯೆ ಕಟ್ಟಿದ್ರು."

"ಊರ ಮಧ್ಯೆ ಯಾಕೆ ಕಟ್ಟಿದ್ರು?"

ಅಪ್ಪ ಪುಟ ತಿರುಗಿಸಿದರು.

ಅಸಲಿಗೆ ಆ ರಾತ್ರಿ ಬಿದ್ದದ್ದು ಗೋಡೆಯಲ್ಲ. ತೆರೆದದ್ದು ಗೇಟು. ತೆರೆಸಿದ್ದು ಒಂದು ಚೀಟಿ. ನವೆಂಬರ್ 9ರ ಸಂಜೆ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಪಕ್ಷದ ನಾಯಕರಲ್ಲೊಬ್ಬರಾದ ಗುಂಟರ್ ಶಾಬೋವ್ಸ್ಕಿ ಪತ್ರಕರ್ತರ ಮುಂದೆ ಕೂತಿದ್ದರು. ಜನ ಗಡಿ ದಾಟಿ ಹೋಗುವುದಕ್ಕೆ ಹೊಸ ನಿಯಮ ಮಾಡಿದ್ದರು. ಅದರ ಚರ್ಚೆ ನಡೆದಾಗ ಈ ಮನುಷ್ಯ ಅಲ್ಲಿರಲಿಲ್ಲ. ಕೈಗೆ ಕಾಗದ ಕೊಟ್ಟಿದ್ದರು, ಓದಿದರು. ಯಾವಾಗಿನಿಂದ ಜಾರಿ ಅಂತ ಯಾರೋ ಕೇಳಿದರು. ಅವರು ಕಾಗದ ತಿರುವಿಹಾಕಿ, ತಡವರಿಸಿ, ತಕ್ಷಣದಿಂದ, ತಡವಿಲ್ಲದೆ ಅಂದುಬಿಟ್ಟರು. ಲೆಕ್ಕಪ್ರಕಾರ ಅದು ಮಾರನೇ ದಿನದಿಂದ ಆಗಬೇಕಿತ್ತು. ಅದೂ ಅರ್ಜಿ ಹಾಕಿ, ಅನುಮತಿ ಸಿಕ್ಕಮೇಲೆ. ಟಿವಿ, ರೇಡಿಯೋದಲ್ಲಿ ಸುದ್ದಿ ಕೇಳಿದವರು ಅರ್ಜಿಗೆಲ್ಲಿ ಕಾಯುತ್ತಾರೆ? ಸೀದಾ ಗಡಿಗೆ ಬಂದು ನಿಂತರು. ಬೋರ್ನ್‌ಹೋಲ್ಮರ್ ರಸ್ತೆಯ ಗೇಟಿನಲ್ಲಿದ್ದ ಅಧಿಕಾರಿ ಹರಾಲ್ಡ್ ಯೇಗರ್ ಮೇಲಿನವರಿಗೆ ಫೋನ್ ಮೇಲೆ ಫೋನ್ ಮಾಡಿದರು. ಮೇಲಿನವರಿಂದ ನೆಟ್ಟಗೆ ಒಂದು ಉತ್ತರ ಬರಲಿಲ್ಲ. (ಸರ್ಕಾರಿ ಆಫೀಸುಗಳ ಕಥೆ ಎಲ್ಲಾ ಕಡೆ ಒಂದೇ ನೋಡಿ.) ರಾತ್ರಿ ಹನ್ನೊಂದೂವರೆ ಹೊತ್ತಿಗೆ ಅವರೇ ಗೇಟು ತೆಗೆಸಿದರು. 28 ವರ್ಷದ ಕಾವಲು ಮುಗಿಯಿತು. ದನ ಗಿನ ಯಾವುದೂ ಸಿಕ್ಕಿಹಾಕಿಕೊಳ್ಳಲಿಲ್ಲ.

ಆ ಚೀಟಿ ಈಗ ಬಾನ್ ನಗರದ ಮ್ಯೂಸಿಯಂನಲ್ಲಿದೆ. ನಮ್ಮನೆಯಲ್ಲಿ ದಿನಸಿ ಚೀಟಿ ಅಂಗಡಿ ತಲುಪುವವರೆಗೂ ಉಳಿಯುವುದಿಲ್ಲ.

ಅದೇ ವರ್ಷ ಮಾರ್ಚ್‌ನಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಇನ್ನೊಂದು ಕಾಗದ ಓಡಾಡಿತ್ತು. ಟಿಮ್ ಬರ್ನರ್ಸ್-ಲೀ ಬರೆದದ್ದು, ಮುಂದೆ ವರ್ಲ್ಡ್ ವೈಡ್ ವೆಬ್ ಆದ ಯೋಜನೆಯದು. ಅವರ ಸಾಹೇಬರು ಅದರ ಮೇಲೆ, ಸರಿಯಾಗಿ ಅರ್ಥವಾಗ್ತಿಲ್ಲ, ಆದ್ರೂ ಮಜವಾಗಿದೆ ಅನ್ನುವ ಧಾಟಿಯಲ್ಲಿ ಒಂದು ಸಾಲು ಗೀಚಿದರು. ನೀವು ಈಗ ಇದನ್ನು ಓದುತ್ತಿರುವುದು ಆ ಕಾಗದದ ಪುಣ್ಯದಿಂದ.

ಡಿಸೆಂಬರ್ 21ಕ್ಕೆ ರೊಮೇನಿಯಾದ ಚೌಷೆಸ್ಕು ಬಾಲ್ಕನಿಯಿಂದ ಭಾಷಣ ಶುರುಮಾಡಿದರು. ಜೈಕಾರ ಹಾಕಬೇಕಿದ್ದ ಜನ ಕೂಗಾಡತೊಡಗಿದರು. ಆ ವಿಡಿಯೋ ನೋಡಿದ್ದೀರಾ? ಕೈ ಎತ್ತಿ ನಿಂತ ಸರ್ವಾಧಿಕಾರಿ ಮೈಕಿಗೆ "ಅಲೋ! ಅಲೋ!" ಅನ್ನುತ್ತಾರೆ. ಥೇಟ್ ನಮ್ಮ ಗಣಪತಿ ಪೆಂಡಾಲಿನ ಮೈಕ್‌ಸೆಟ್ ಹುಡುಗನ ಹಾಗೆ. ಮೈಕು ಚೆನ್ನಾಗಿಯೇ ಇತ್ತು. ನಾಲ್ಕು ದಿನದಲ್ಲಿ ಅವರಿಗೂ ಹೆಂಡತಿಗೂ ಗುಂಡು ಹಾರಿಸಿ ಕೊಂದರು. ಅಷ್ಟು ಹೊತ್ತಿಗೆ ನಗು ನಿಂತುಹೋಗುತ್ತದೆ.

ಆ ವರ್ಷದ ಎಲ್ಲ ಸಾಮಾನುಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ಒಂದು ಚೀಲ. ಜೂನ್ 4ರಂದು ಬೀಜಿಂಗ್‌ನಲ್ಲಿ ಸೈನ್ಯ ತನ್ನದೇ ಜನರ ಮೇಲೆ ಗುಂಡು ಹಾರಿಸಿತು. ಮಾರನೇ ದಿನ, ಸಾಲಾಗಿ ಬರುತ್ತಿದ್ದ ಟ್ಯಾಂಕುಗಳೆದುರು ಬಿಳಿ ಅಂಗಿಯ ಒಬ್ಬ ಮನುಷ್ಯ ಹೋಗಿ ನಿಂತ. ಟ್ಯಾಂಕು ಪಕ್ಕಕ್ಕೆ ಸರಿದರೆ ಅವನೂ ಸರಿದ. ಚೀಲ ಹಿಡಿದ ಕೈಯನ್ನೇ ಬೀಸಿ, ಹೋಗು ಹೋಗು ಅಂದ. ಅವನು ಯಾರು, ಮುಂದೆ ಏನಾದ, ಇವತ್ತಿಗೂ ಜಗತ್ತಿಗೆ ತಿಳಿದಿಲ್ಲ. ಆ ಚೀಲದಲ್ಲಿ ಏನಿತ್ತು? ಸೊಪ್ಪೋ, ಅಕ್ಕಿಯೋ? ಮನೆಯಲ್ಲಿ ಯಾರೋ ಅದಕ್ಕಾಗಿ ಒಲೆ ಹಚ್ಚಿಟ್ಟುಕೊಂಡು ಕಾಯುತ್ತಿದ್ದರೇನೋ.

ನಿನ್ನೆ ಸಂಜೆ ಗೊಂಚಲನ್ನು ಮೊಳೆಯಿಂದ ತೆಗೆದೆ. ಲಕ್ಷಾಂತರ ಸೇರಿದರೆ ಹೇಗಿರುತ್ತದೋ, ನನ್ನ 14 ಎಷ್ಟು ಸದ್ದು ಮಾಡುತ್ತವೆ ನೋಡೋಣ ಅಂತ ಎತ್ತಿ ಹಿಡಿದು ಅಲ್ಲಾಡಿಸಿದೆ. ಪರವಾಗಿಲ್ಲ, ಜೋರಾಗಿಯೇ ಬಂತು.

ಹಿತ್ತಲಿನಿಂದ ಹೆಂಡತಿಯ ದನಿ ಕೇಳಿಸಿತು: "ಹೊರಗೆ ಹೊರಟ್ರಾ? ಬರ್ತಾ ಒಂದು ಕಟ್ಟು ಕೊತ್ತಂಬರಿ ತನ್ನಿ. ಚೀಲ ತಗೊಂಡೋಗಿ."