ಸ್ಪಷ್ಟನೆ: ಸ್ಟೀವನ್‌ಸನ್ ತೀರಿಕೊಂಡಿದ್ದು ಕ್ಷಯದಿಂದಲ್ಲ

‘ಟ್ರೆಷರ್ ಐಲ್ಯಾಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ ಕ್ಷಯ ವಾಸಿಯಾಗಲೆಂದು ಸಮೋವಾ ದ್ವೀಪಕ್ಕೆ ಹೋಗಿ, ಅದೇ ಕಾಯಿಲೆಯಿಂದ ಸತ್ತರು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಕೊನೆಯ ಮಾತು ತಪ್ಪು.

ಸ್ಕಾಟ್ಲೆಂಡಿನ ಚಳಿ ಅವರ ಎದೆಗೆ ಆಗುತ್ತಿರಲಿಲ್ಲ. ಕೆಮ್ಮಿದಾಗ ರಕ್ತ ಬರುತ್ತಿತ್ತು. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹಡಗು ಹತ್ತಿದರು. 1890ರಲ್ಲಿ ಸಮೋವಾದ ಆಪಿಯಾ ಹತ್ತಿರ, ವೈಲಿಮಾದಲ್ಲಿ ನೆಲೆ ನಿಂತರು. ಅಲ್ಲಿ ನಿಜಕ್ಕೂ ಚೇತರಿಸಿಕೊಂಡರು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದವರು ಕುದುರೆ ಏರಿದರು, ಕಾಡು ಸವರಿದರು, ಜೊತೆಗೆ ಬರೆದರು. ಎಷ್ಟು ದೊಡ್ಡ ವಿಷಯ ಅಲ್ವಾ! ಸಂದೇಶದಲ್ಲಿ ಇದರ ಸುಳಿವೇ ಇಲ್ಲ.

1894ರ ಡಿಸೆಂಬರ್ 3ರ ಸಂಜೆ ಹೆಂಡತಿ ಫ್ಯಾನಿ ಜೊತೆ ರಾತ್ರಿಯೂಟಕ್ಕೆ ಮೇಯನೇಸ್ ಕಲಸುತ್ತಿದ್ದರು. ಇದ್ದಕ್ಕಿದ್ದಂತೆ ತಲೆ ಹಿಡಿದುಕೊಂಡು ಕುಸಿದರು. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಯಿತು. ವಯಸ್ಸು ಬರೀ 44.

ಹಾಗಾದ್ರೆ ದ್ವೀಪದ ಗಾಳಿ ಕ್ಷಯ ಗುಣಪಡಿಸಿತೇ? ಹಾಗೆ ಹೇಳೋಕಾಗಲ್ಲ. ಅವರಿಗೆ ಇದ್ದಿದ್ದು ಕ್ಷಯವೇ ಅನ್ನೋದು ಇವತ್ತಿಗೂ ಖಚಿತವಿಲ್ಲ. ಶ್ವಾಸನಾಳ ಹಿಗ್ಗುವ ಬ್ರಾಂಕಿಯೆಕ್ಟಾಸಿಸ್ ಇದ್ದಿರಬಹುದು ಅಂತ ಕೆಲವು ವೈದ್ಯರು ಹೇಳುತ್ತಾರೆ. ಕ್ಷಯದ ರೋಗಾಣುವನ್ನು ಕೊಲ್ಲುವ ಔಷಧ, ಸ್ಟ್ರೆಪ್ಟೊಮೈಸಿನ್, ಸಿಕ್ಕಿದ್ದೇ 1940ರ ದಶಕದಲ್ಲಿ. ಈಗ ಸಾಮಾನ್ಯ ಕ್ಷಯಕ್ಕೆ ಸುಮಾರು 6 ತಿಂಗಳ ಮಾತ್ರೆ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ.