ಡಾಕ್ಟರಿಗೂ ರ‍್ಯಾಂಕ್ ಬೇಕಾ?

ವಿಜಯಪುರದಿಂದ ಕಾಕಾ ಫೋನ್ ಮಾಡಿದ್ದರು. ಕಾಕುವಿನ ಮಂಡಿ ಆಪರೇಷನ್ ಮಾಡಿಸಬೇಕು, ಪುಣೆಯಲ್ಲಿ ನಂಬರ್ ಒನ್ ಡಾಕ್ಟರ್ ಯಾರು ಅಂತ ಕೇಳಿದರು. ಹಾಗೆ ನಂಬರ್ ಕೊಡೋಕಾಗಲ್ಲ ಕಾಕಾ ಅಂದೆ. "ಇಷ್ಟು ವರ್ಷ ಪುಣೇದಾಗ ಇದ್ದು ಇಷ್ಟೂ ಗೊತ್ತಿಲ್ಲೇನಪಾ ನಿನಗ?" ಅಂದುಬಿಟ್ಟರು. ಚುಚ್ಚಿತು, ಸುಳ್ಳು ಯಾಕೆ ಹೇಳಲಿ. ಸಂಜೆಗೆ ಅವರೇ ಯಾವುದೋ ಪತ್ರಿಕೆಯ ಪಟ್ಟಿಯ ಫೋಟೋ ಕಳಿಸಿದರು, ಎರಡು ಹೆಸರಿಗೆ ಪೆನ್ನಿನಲ್ಲಿ ಸುತ್ತು ಹಾಕಿ.

ಇಂಥ ಪಟ್ಟಿಗಳು ಹೆಚ್ಚಾಗಿ ಹೇಗೆ ತಯಾರಾಗುತ್ತವೆ ಗೊತ್ತಲ್ವಾ? ಒಂದಿಷ್ಟು ಡಾಕ್ಟರುಗಳನ್ನು ಯಾವ ಆಸ್ಪತ್ರೆ ಒಳ್ಳೆಯದು ಅಂತ ಕೇಳುತ್ತಾರೆ, ಅವರು ದೊಡ್ಡ ಹೆಸರನ್ನೇ ಹೇಳುತ್ತಾರೆ. ಆಪರೇಷನ್ ಆದವರಲ್ಲಿ ಎಷ್ಟು ಜನಕ್ಕೆ ಕೀವಾಯಿತು, ಎಷ್ಟು ಜನ ಮತ್ತೆ ಟೇಬಲ್ ಹತ್ತಿದರು ಅನ್ನುವ ಲೆಕ್ಕ ನಮ್ಮಲ್ಲಿ ಹೊರಗೆ ಬರುವುದೇ ಅಪರೂಪ. ಲೆಕ್ಕ ಕೊಟ್ಟ ಕಡೆಯೂ ತಾಪತ್ರಯ ತಪ್ಪಲಿಲ್ಲ. 1990ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯ ಬೈಪಾಸ್ ಸರ್ಜನ್‌ಗಳ ಸಾವಿನ ಪ್ರಮಾಣವನ್ನು ಹೆಸರು ಸಮೇತ ಪ್ರಕಟಿಸತೊಡಗಿತು. ತೀರಾ ಹದಗೆಟ್ಟ ರೋಗಿಯನ್ನು ಮುಟ್ಟಿದರೆ ನಂಬರ್ ಕೆಡುತ್ತದೆ ಅಂತ ಕೆಲವರು ಅಂಥವರನ್ನು ವಾಪಸ್ ಕಳಿಸುತ್ತಾರೆ ಅನ್ನುವ ದೂರು ಎದ್ದಿತು.

ಇಲ್ಲಿನ ಪೇಠೆಗಳ ಹಳೇ ಪುಣೇಕರರು ನಂಬರ್ ಕೇಳುವವರಲ್ಲ. ಓಣಿ ತುದಿಯ ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗುತ್ತಾರೆ, ಎರಡು ಕೋಣೆಯ ಕ್ಲಿನಿಕ್, ಸವೆದ ಬೆಂಚು, ಅಷ್ಟೇ. ನಮ್ಮ ಪಕ್ಕದ ಮನೆ ಆಜಿಗೂ ಮಂಡಿ ನೋವು. ಅವರ ಡಾಕ್ಟರ್ ಎಕ್ಸ್‌ರೇ ನೋಡುವ ಮೊದಲು ಕೇಳಿದ್ದೇನು? ಮನೆಗೆ ಎಷ್ಟು ಮೆಟ್ಟಿಲು, ಸಂಡಾಸು ಕುಕ್ಕರಗಾಲಲ್ಲಿ ಕೂರುವುದೋ ಕಮೋಡೋ, ಆಮೇಲೆ ದಿನಾ ವ್ಯಾಯಾಮ ಮಾಡಿಸಲು ಯಾರಿದ್ದಾರೆ. ಮಂಡಿ ಬದಲಿಸಿದ ಮೇಲೆ ಅರ್ಧ ಕೆಲಸ ಫಿಸಿಯೋಥೆರಪಿಯದ್ದೇ. ಕಾಕು ಹೊಲಿಗೆ ಬಿಚ್ಚಿಸಿಕೊಂಡು ವಿಜಯಪುರಕ್ಕೆ ಹೋದ ಮೇಲೆ ಕಾಲು ಮಡಚಿಸುವವರು ಯಾರು ಅಂತ ಆ ಪಟ್ಟಿಯಲ್ಲಿ ಎಲ್ಲಿದೆ?

ನಮ್ಮ ಕಡೆಯೂ ಹಿಂದೆ ಹೀಗೇ ಇತ್ತು. ಅಜ್ಜನ ಕಾಲದವರು ಮಿರಜದ ಮಿಷನ್ ಆಸ್ಪತ್ರೆಗೆ ಹೋಗುತ್ತಿದ್ದರು, 1894ರಲ್ಲಿ ಶುರುವಾದದ್ದು ಅದು. ಊರ ಡಾಕ್ಟರ್ ಹೋಗು ಅಂದರೆ ಹೋಗುವುದು. ಈಗ ಕೈಯಲ್ಲಿ ನಾಲ್ಕು ಕಾಸು ಬಂತು, ಕೆಮ್ಮಿಗೂ ಟಾಪ್ ಡಾಕ್ಟರೇ ಬೇಕು.

ಪುಣೆಯನ್ನು ಹೊಗಳಿದ್ದು ಜಾಸ್ತಿಯಾಯಿತೇನೋ. ಫ್ಯಾಮಿಲಿ ಡಾಕ್ಟರ್ ಬರೆದುಕೊಡುವ ಚೀಟಿಯ ಹಿಂದೆ ಕಮಿಷನ್ ಇರುವುದೂ ಉಂಟು, ಇಲ್ಲಿ ಅದಕ್ಕೆ ಕಟ್ ಪ್ರಾಕ್ಟೀಸ್ ಅನ್ನುತ್ತಾರೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ಇದರ ವಿರುದ್ಧ ಕಾನೂನಿನ ಕರಡು ಮಾಡಿಸಿತ್ತು, ಸುಮ್ನೆ ಮಾಡಿಸಿರಲಿಕ್ಕಿಲ್ಲ. ಮೊನ್ನೆ ಮೊನ್ನೆ ಪುಣೆಯ ಐಟಿ ಕಂಪನಿಗಳಿರುವ ಹಿಂಜವಡಿಗೆ ಕೆಲಸಕ್ಕೆ ಬಂದ ನಮ್ಮ ಕಡೆಯ ಹುಡುಗನಿಗೆ ಓಣಿಯೂ ಇಲ್ಲ, ಓಣಿಯ ಡಾಕ್ಟರೂ ಇಲ್ಲ. ಅವನು ಪಟ್ಟಿ ನೋಡಿದರೆ ಬೇಡ ಅನ್ನಲಾರೆ. ಜೊತೆಗೆ ಆಸ್ಪತ್ರೆಗೆ, ಗುಣಮಟ್ಟ ಪರೀಕ್ಷಿಸಿ ಕೊಡುವ ಎನ್‌ಎಬಿಎಚ್ ಮಾನ್ಯತೆ ಇದೆಯಾ ಅಂತಲೂ ನೋಡಿಕೊಳ್ಳಲಿ. ಆ ಮಾನ್ಯತೆ ಕೊಡುವವರು ಯಾರನ್ನೂ ಒಂದನೆಯವರು, ಎರಡನೆಯವರು ಅಂತ ಸಾಲಿನಲ್ಲಿ ನಿಲ್ಲಿಸುವುದಿಲ್ಲ.